ಹಗ್ಗ ಸಮೇತ

"ಮುಟ್ಟು ನೋಡಾನ! ಮುಟ್ಟಿದ ಕೈನ ಅಲ್ಲೇ ಮುರ್ದಾಕ್ತೀನಿ. ಯಾರಪ್ಪನ ಮನೆ ಹಸ ಅನ್ಕೊಂಡಿದೀಯಲಾ?"

"ನಿಮ್ಮಪ್ಪನ ಮನೇದೇ ಇರ್ಲಿ ಕಣವ್ವ, ಕೆರೆಗೆ ಅದೆಲ್ಲಾ ಗೊತ್ತಾಯ್ತದಾ? ಏರಿ ಒಡೆದ್ರೆ ನಿನ್ ಕೊಟ್ಟಿಗೇನೂ ಇರಲ್ಲ, ಹಸಾನೂ ಇರಲ್ಲ. ಬುಡು ಹಗ್ಗಾನ!"

"ಬುಡಲ್ಲ. ದಿನ ತುಂಬಿರೋ ಹಸ ಅದು. ಈ ಕೆಸರಲ್ಲಿ ಎಳ್ಕೊಂಡೋಗಿ, ಎಲ್ಲಾದ್ರೂ ಜಾರಿ ಬಿದ್ರೆ ನೀನು ಹೆತ್ತು ಕೊಡ್ತೀಯಾ?"

ಕೋಡಿಪಾಳ್ಯದ ಓಬಮ್ಮ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಹಗ್ಗವನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು, ಗೂಟಕ್ಕೆ ಅಡ್ಡ ನಿಂತಿದ್ದಳು. ಎದುರಿಗೆ ನಮ್ಮ ಪರಮೇಶ. ಮಳೆ ಸುರಿಯುತ್ತಿತ್ತು. ನಾನು ಹೊರಗೆ ನನ್ನ ಲಗೇಜ್ ಗಾಡಿಯನ್ನು ಚಾಲೂ ಇಟ್ಟುಕೊಂಡು, ಇಬ್ಬರನ್ನೂ ಬಯ್ಯುತ್ತಾ ನಿಂತಿದ್ದೆ.

ಓಬಮ್ಮನ ಗಂಡ ಹುಚ್ಚರಂಗಯ್ಯ ಜಗಲಿಯ ಮೇಲೆ ಮಂಡಿ ಅಪ್ಪಿಕೊಂಡು ಕೂತಿದ್ದ. "ನನ್ನೂ ಕರ್ಕೊಂಡೋಗ್ರಪ್ಪ," ಅಂದ. "ನನ್ ಹಗ್ಗಾನೂ ಅವಳೇ ಹಿಡ್ಕೊಂಡವ್ಳೆ. ಐವತ್ತು ವರ್ಷ ಆಯ್ತು, ಬುಟ್ಟೇ ಇಲ್ಲ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆವು.

ನಮ್ಮೂರು ಹೊನ್ನವಳ್ಳಿಯ ಪಕ್ಕ. ನನಗೆ ಮೀಸೆ ಬಂದ ಮೇಲೆ ನಮ್ಮೂರ ಕೆರೆ ತುಂಬಿದ್ದನ್ನು ನಾನು ಕಂಡಿರಲಿಲ್ಲ. ಆ ವರ್ಷ ತುಂಬಿತು. ತುಂಬಿ ಕೋಡಿ ಬಿದ್ದಾಗ ಊರಿಗೆ ಊರೇ ಹೋಗಿ ಬಾಗಿನ ಬಿಟ್ಟು ಬಂತು, ಕಡಲೆಪುರಿ ಹಂಚಿತು. ಆಮೇಲೂ ಮಳೆ ನಿಲ್ಲಲಿಲ್ಲ. ಏರಿಯ ಬುಡದಲ್ಲಿ ಒಂದು ಕಡೆ ನೀರು ಜಿನುಗಲು ಶುರುವಾಯಿತು. ಏರಿಯ ಕೆಳಗೇ ಕೋಡಿಪಾಳ್ಯ. ತಾಲ್ಲೂಕಿನಿಂದ ಬಂದವರು ಮೈಕಿನಲ್ಲಿ ಕೂಗಿಸಿ, ಜನವೆಲ್ಲ ಮೇಲಿನ ಊರಿನ ಸ್ಕೂಲಿಗೆ ಹೋಗಬೇಕು ಅಂದರು. ಜನ ಹೋದರು. ದನ? ಅದು ಮೈಕಿನಲ್ಲಿ ಬರಲಿಲ್ಲ.

ಅದಕ್ಕೇ ನಾವಿದ್ದಿದ್ದು. ನಮ್ಮದೊಂದು ಗುಂಪು. ಕಟ್ಟಿದವನು ಪರಮೇಶ. ಅವನು ತೆಂಗಿನಕಾಯಿ ಕೀಳುವವನು. ಒಮ್ಮೆ ಪಕ್ಕದ ಹಳ್ಳಿಯಲ್ಲಿ ಕಾಯಿ ಸುಲಿದ ಮಟ್ಟೆಯ ರಾಶಿಗೆ ಬೆಂಕಿ ಬಿದ್ದಾಗ ಅವನು ಅಲ್ಲೇ ಮರದ ಮೇಲಿದ್ದ. ಇಳಿದು ಓಡುವಷ್ಟರಲ್ಲಿ ಒಂದು ಮಂದೆ ಕುರಿ ಸುಟ್ಟು ಹೋಗಿತ್ತು. ಜನರೆಲ್ಲ ಬಂದಿದ್ದರು, ನೀರು ತಂದಿದ್ದರು, ಮನೆಯ ಸಾಮಾನು ಹೊರಗೆ ಹಾಕಿದ್ದರು. ಕುರಿ ಕಟ್ಟಿದ್ದ ಹಗ್ಗ ಬಿಚ್ಚಬೇಕು ಅಂತ ಒಬ್ಬನಿಗೂ ಹೊಳೆದಿರಲಿಲ್ಲ. ಅವತ್ತಿನಿಂದ ಅವನದೊಂದೇ ಮಾತು: ಮೊದಲು ಹಗ್ಗ ಕೊಯ್ಯಿ, ಆಮೇಲೆ ಬೇಕಾದರೆ ಜಗಳ ಆಡು. ನಾನು ಸೇರಿದೆ, ಗಾಡಿ ಇದೆಯಲ್ಲ ಅಂತ. ತಿಪಟೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ತಿಲಕ್ ಸೇರಿದ, ಎಲ್ಲರಿಗೂ ಹಳದಿ ಜಾಕೆಟ್ ಹೊಲಿಸಿದ. ಊರಿನವರು ನಮ್ಮನ್ನು 'ಹಳದಿ ಅಂಗಿಯೋರು' ಅಂತ ಆಡಿಕೊಳ್ಳುತ್ತಿದ್ದರು. ಹಾವು ಬಂದರೂ ನಮಗೇ ಫೋನು, ನಾಯಿ ಬಾವಿಗೆ ಬಿದ್ದರೂ ನಮಗೇ ಫೋನು. ಆಡಿಕೊಳ್ಳುವುದು ಮಾತ್ರ ಬಿಟ್ಟಿರಲಿಲ್ಲ.

ಆ ದಿನ ಪಾಳ್ಯದ ಬೇರೆ ದನಗಳನ್ನೆಲ್ಲ ಮೇಲಕ್ಕೆ ಸಾಗಿಸಿಯಾಗಿತ್ತು. ಓಬಮ್ಮನ ಸೋಮಿ ಒಂದೇ ಉಳಿದಿತ್ತು. ಸೋಮವಾರ ಹುಟ್ಟಿದ್ದಕ್ಕೆ ಸೋಮಿ. ಬಿಳೀ ಮೈ, ಕಿವಿಯ ತುದಿ ಮಾತ್ರ ಕಪ್ಪು. ಮೂರನೆಯ ಕರುವಿನ ಬಸುರಿ. ಮಕ್ಕಳಿಲ್ಲದ ಮನೆಗೆ ಅದು ಏನಾಗಿತ್ತು ಅನ್ನುವುದನ್ನು ನಾನು ವಿವರಿಸುವುದಿಲ್ಲ. ಹಸು ಕಟ್ಟಿದವರಿಗೆ ಗೊತ್ತಾಗುತ್ತದೆ, ಕಟ್ಟದವರಿಗೆ ಹೇಳಿ ಪ್ರಯೋಜನವಿಲ್ಲ.

ಪರಮೇಶ ಸೊಂಟದಿಂದ ಕುಡುಗೋಲು ತೆಗೆದು ಓಬಮ್ಮನ ಕೈ ಮತ್ತು ಹಸುವಿನ ಕುತ್ತಿಗೆಯ ನಡುವೆ ಹಗ್ಗವನ್ನು ಒಂದೇ ಏಟಿಗೆ ಕೊಯ್ದ.

ಓಬಮ್ಮ ಹಿಂದಕ್ಕೆ ಕುಸಿದು ಕೂತಳು. ಗೂಟಕ್ಕೆ ಕಟ್ಟಿದ್ದ ಅರ್ಧ ಹಗ್ಗ ಅವಳ ಕೈಯಲ್ಲೇ ಇತ್ತು. ಅದನ್ನೇ ನೋಡುತ್ತಾ ಕೂತವಳ ದನಿ ಇಳಿದುಹೋಯಿತು.

"ಮಾರ್ದೋರ ಹಂಗೆ ಆಯ್ತಲ್ಲಲಾ ಪರಮೇಸಿ," ಅಂದಳು. "ಹಸ ಹೋಗಿ ಹಗ್ಗ ಉಳೀತಲ್ಲ."

ನಮ್ಮ ಕಡೆ ಹಸು ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಳ್ಳುವವನು ತನ್ನ ಹಗ್ಗ ತಾನೇ ತರಬೇಕು. ಹಳೆಯ ಹಗ್ಗ ಗೂಟದಲ್ಲೇ ಉಳಿದರೆ ಆ ಗೂಟಕ್ಕೆ ಇನ್ನೊಂದು ಹಸು ಬರುತ್ತದೆ, ಮನೆಯ ಲಕ್ಷ್ಮಿ ಮನೆಯಲ್ಲೇ ಇರುತ್ತಾಳೆ ಅಂತ. ಹಗ್ಗ ಸಮೇತ ಹಸು ಕೊಟ್ಟವನು ಮತ್ತೆ ಹಸು ಕಟ್ಟುವುದಿಲ್ಲ ಅಂತ. ಸುಳ್ಳೋ ನಿಜವೋ, ನಾನೂ ಹಾಗೇ ಮಾಡಿದ್ದೇನೆ.

ಪರಮೇಶ ಕೆಸರಿನಲ್ಲೇ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಓಬವ್ವ, ನೋಡಿಲ್ಲಿ. ಮಳೆ ನಿಂತ ಮಾರನೇ ದಿನ ನಾನೇ ಹಿಡ್ಕೊಂಡು ಬತ್ತೀನಿ. ಇದೇ ಗೂಟಕ್ಕೆ, ನನ್ ಕೈಯಾರೆ ಕಟ್ಟಿ ಹೋಗ್ತೀನಿ. ನಮ್ಮವ್ವನ ಮೇಲಾಣೆ."

ಅವರವ್ವ ಸತ್ತು ವರ್ಷ ತಿರುಗಿರಲಿಲ್ಲ. ಆಣೆ ಕೇಳಿ ಓಬಮ್ಮ ಎದ್ದಳು. ಸೋಮಿಯನ್ನು ನನ್ನ ಗಾಡಿಗೆ ಹತ್ತಿಸುವಾಗ ತಾನೇ ಹಿಂದಿನಿಂದ ಸೊಂಟ ಕೊಟ್ಟು ನೂಕಿದಳು. ಬಯ್ಯುವುದನ್ನು ಮಾತ್ರ ಸ್ಕೂಲು ಬರುವ ತನಕ ನಿಲ್ಲಿಸಲಿಲ್ಲ.

ದನಗಳನ್ನೆಲ್ಲ ಕಟ್ಟಿದ್ದು ಶಂಭುಲಿಂಗಯ್ಯನವರ ಕೊಬ್ಬರಿ ಮನೆಯಲ್ಲಿ. ಅವರ ತೋಟ ದೊಡ್ಡದು. ಕೊಬ್ಬರಿ ಮನೆ ಊರಿನ ಎತ್ತರದ ಜಾಗದಲ್ಲಿತ್ತು, ಅಲ್ಲಿಗೆ ಯಾವ ಕೆರೆಯ ನೀರೂ ಬರುವ ಹಾಗಿರಲಿಲ್ಲ. ನಾವು ಕೇಳುವ ಮುಂಚೆಯೇ ಅವರು ಬೀಗ ತೆಗೆದಿದ್ದರು. "ತನ್ನಿರಪ್ಪಾ, ಎಲ್ಲಾನೂ ತನ್ನಿ. ನಮ್ ದನ ಮನೆ ಹಿಂದ್ಲ ಕೊಟ್ಟಿಗೇಲಿ ಇರ್ತವೆ," ಅಂದರು. ಪಾಳ್ಯದ ದನ ಯಾವತ್ತೂ ಅವರ ಬಾಗಿಲು ದಾಟಿದ್ದಿಲ್ಲ. ಅವತ್ತು ದಾಟಿದವು. ಅವರ ಹೆಂಡತಿ ದ್ರಾಕ್ಷಾಯಣಮ್ಮನವರು ರಾಗಿ ಹುಲ್ಲನ್ನು ತಾವೇ ತಂದು ಹಾಕಿದರು.

ನಮ್ಮ ಸೀಮೆಯ ಕೊಬ್ಬರಿ ಮನೆ ನೋಡದವರಿಗೆ ಒಂದು ಮಾತು ಹೇಳಬೇಕು. ಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೆ ಏರಿಸಿ ವರ್ಷಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಅಲ್ಲಿಯ ತನಕ ಅಟ್ಟ ಮುಟ್ಟುವ ಹಾಗಿಲ್ಲ. ಕೆಳಗೆ ದನ ಕಟ್ಟುತ್ತೇವೆ. ದನದ ಮೈಯ ಕಾವು ಮೇಲಿನ ಕಾಯಿಗೆ ಒಳ್ಳೆಯದು, ಅಟ್ಟದ ನೆರಳು ದನಕ್ಕೆ ಒಳ್ಳೆಯದು. ನಮ್ಮಜ್ಜ ಹಾಗೆ ಮಾಡಿದ, ನಮ್ಮಪ್ಪ ಹಾಗೆ ಮಾಡಿದ. ತುಂಬಿದ ಅಟ್ಟದ ಕೆಳಗೆ ಕಟ್ಟಿದ ದನ ಅಂದರೆ ನಮಗೆ ತಾಯಿಯ ಸೆರಗಿನ ಕೆಳಗೆ ಮಲಗಿದ ಮಗು ಇದ್ದ ಹಾಗೆ. ತಲೆ ಎತ್ತಿ ನೋಡುವ ಪ್ರಶ್ನೆಯೇ ಬರುವುದಿಲ್ಲ.

ಮನೆಯ ಹಿಂಗೋಡೆ ಮಣ್ಣಿನದು. ಅದಕ್ಕೆ ಒರಗಿಸಿ ಹೊರಗಡೆ ಒಂದಾಳುದ್ದ ಮಟ್ಟೆ ಒಟ್ಟಿದ್ದರು. ಅದೂ ಎಲ್ಲರ ಮನೆಯಲ್ಲೂ ಇರುವುದೇ. ಮಟ್ಟೆ ಒಮ್ಮೆ ನೀರು ಕುಡಿದರೆ ವಾರಗಟ್ಟಲೆ ಬಿಡುವುದಿಲ್ಲ ಅಂತ ನಮಗೆ ಗೊತ್ತಿಲ್ಲವೇ? ಬೇಸಿಗೆಯಲ್ಲಿ ತಂಪಿರಲಿ ಅಂತ ತೆಂಗಿನ ಬುಡಕ್ಕೆ ಮಟ್ಟೆ ಹೂಳುವವರೇ ನಾವು. ಆದರೆ ಆ ಗೋಡೆಯನ್ನೂ ಆ ಮಟ್ಟೆಯನ್ನೂ ಯಾರೂ ಒಟ್ಟಿಗೆ ಯೋಚನೆ ಮಾಡಲಿಲ್ಲ.

ಸೋಮಿಯನ್ನು ಪರಮೇಶ ಒಳಗಡೆಯ ಮೂಲೆಯಲ್ಲಿ, ಹಿಂಗೋಡೆಯ ಪಕ್ಕ ಕಟ್ಟಿದ. "ಬಾಗ್ಲಲ್ಲಿ ಗಾಳಿ ಹೊಡೀತದೆ ಕಣಣ್ಣ. ಮೂಲೇಲಿ ಬೆಚ್ಚಗೈತೆ. ಯಾವ ಗಳಿಗೇಲಿ ಈಯ್ತದೋ," ಅಂದ. ಒಣ ಗರಿ ಹಾಸಿ, ಮೇಲೆ ಹುಲ್ಲು ಹರವಿ, ತಾನು ಕಾಯಿ ಇಳಿಸುವ ಹೊಸ ಹಗ್ಗದಿಂದ ಒಂದು ತುಂಡು ಕತ್ತರಿಸಿ ಅದರ ಕುತ್ತಿಗೆಗೆ ಮೆತ್ತಗೆ ಗಂಟು ಹಾಕಿದ. ಬಂದವರೆಲ್ಲ ನೋಡಿ ಹೊಗಳಿದರು. ನಮ್ಮನ್ನು ಸದಾ ಆಡಿಕೊಳ್ಳುತ್ತಿದ್ದ ಪಾಳ್ಯದ ಕೆಂಚಯ್ಯ ಕೂಡ, "ಪರವಾಗಿಲ್ಲ ಕಣ್ಲಾ ನೀನು," ಅಂದ.

ಮಳೆ ಮತ್ತೆ ಎರಡು ದಿನ ಹೊಡೆಯಿತು. ಗಂಡಸರೆಲ್ಲ ಏರಿಯ ಮೇಲೆ ಮರಳು ಚೀಲ ಹೊತ್ತೆವು. ಜೆಸಿಬಿ ಬಂದು ಕೋಡಿಯ ಬಾಯಿ ಅಗಲ ಮಾಡಿತು. ನೀರು ಹಳ್ಳ ಹಿಡಿಯಿತು. ಏರಿ ಉಳಿಯಿತು. ಕೋಡಿಪಾಳ್ಯಕ್ಕೆ ಒಂದು ತಂಬಿಗೆಯಷ್ಟು ನೀರೂ ನುಗ್ಗಲಿಲ್ಲ.

ಮೂರನೆಯ ದಿನ ಬಿಸಿಲು ಬಂತು. ಎಂಥ ಬಿಸಿಲು! ತೆಂಗಿನ ಗರಿ ಎಲ್ಲ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು. ಸ್ಕೂಲಿನಲ್ಲಿದ್ದವರು ಚಾಪೆ ಸುತ್ತಿಕೊಂಡು ಮನೆಗೆ ಹೊರಟರು. ಓಬಮ್ಮ ಮನೆಗೆ ಹೋಗದೆ ನೇರ ಕೊಬ್ಬರಿ ಮನೆಗೆ ಬಂದಳು, ಕಂಕುಳಲ್ಲಿ ಅವತ್ತೇ ಗೂಟದಿಂದ ಬಿಚ್ಚಿ ತಂದಿದ್ದ ಅರ್ಧ ಹಗ್ಗ.

"ಬುಡ್ಲಾ, ಕರ್ಕೊಂಡೋಗ್ತೀನಿ."

"ಇವತ್ತು ಬ್ಯಾಡ ಕಣವ್ವ," ಅಂದ ಪರಮೇಶ. "ಏರಿ ಇನ್ನೂ ನೆಂದೈತೆ. ಮೇಲುಗಡೆ ಕೆರೆಗಳೆಲ್ಲ ತುಂಬವೆ. ಒಂದು ರಾತ್ರಿ ನೋಡಾನ. ನಾಳೆ ಬೆಳಗ್ಗೆ ನಾನೇ ತಂದು ಕಟ್ತೀನಿ ಅಂದಿದೀನಲ್ಲ."

"ಮೂರು ದಿನದಿಂದ ಸರ್ಯಾಗಿ ಮೇವು ತಿಂದಿಲ್ಲ ಅದು. ನೋಡು, ಕಣ್ಣಲ್ಲಿ ನೀರಾಡ್ತೈತೆ. ಜಾಗ ಒಗ್ಗಿಲ್ಲ ಅದಕ್ಕೆ."

"ಒಂದ್ ರಾತ್ರಿ ಕಣವ್ವ. ಒಂದೇ ಒಂದ್ ರಾತ್ರಿ."

"ನಿಂಗೆ ಬ್ಯಾಡ ಅನ್ನೋ ಮಾತು ಕಿವಿಗೇ ಬೀಳಲ್ವೇನಲಾ?" ಅಂತ ಓಬಮ್ಮ ಕೂಗಿದಳು. ಸುತ್ತ ಇದ್ದವರೆಲ್ಲ ಪರಮೇಶನ ಪರ ನಿಂತರು. ನಾನೂ ನಿಂತೆ. ಅವನು ಹೇಳಿದ್ದರಲ್ಲಿ ಏನು ತಪ್ಪಿತ್ತು? ನೆಂದ ಏರಿ ಮಳೆ ನಿಂತ ಮೇಲೆ ಒಡೆದದ್ದನ್ನು ನಾವೇ ಬೇರೆ ಕಡೆ ಕಂಡಿದ್ದೆವು. ಓಬಮ್ಮ ಸೋಮಿಯ ಕೊರಳ ಕೆಳಗಿನ ಗಂಗೆದೊಗಲು ನೀವಿ, ಅದರ ಕಿವಿಯಲ್ಲಿ ಏನೋ ಹೇಳಿ, ಬಯ್ಯುತ್ತಲೇ ಹೋದಳು. ಹೋಗಿ ಕೊಟ್ಟಿಗೆ ಗುಡಿಸಿ, ಒಣ ಸೊಪ್ಪು ಹಾಸಿ, ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟಿಟ್ಟಳಂತೆ. ಅದನ್ನು ಆಮೇಲೆ ಹುಚ್ಚರಂಗಯ್ಯ ಹೇಳಿದ.

ಮಣ್ಣಿನ ಗೋಡೆ ಮಳೆಯಲ್ಲಿ ಬೀಳುವುದಿಲ್ಲ. ಮಳೆಯಲ್ಲಿ ಉಬ್ಬಿ ನಿಂತಿರುತ್ತದೆ. ಬಿಸಿಲು ಬಿದ್ದ ಮೇಲೆ ಮೇಲುಗಡೆ ಒಣಗಿ, ಬುಡ ಹಸಿಯಾಗೇ ಉಳಿದು, ಆಗ ಬೀಳುತ್ತದೆ. ಇದನ್ನು ಈಗ ಊರಿನ ಪ್ರತಿಯೊಬ್ಬನೂ ನನಗೆ ಹೇಳುತ್ತಾನೆ. ಆ ದಿನ ಒಬ್ಬನೂ ಹೇಳಲಿಲ್ಲ.

ಸಂಜೆ ನಾನು ಬೀದಿಯ ತಿರುವಿನಲ್ಲಿ ಗಾಡಿಯಿಂದ ಹುಲ್ಲು ಇಳಿಸುತ್ತಿದ್ದೆ. ಟ್ರ್ಯಾಕ್ಟರಿನಿಂದ ಕಾಯಿ ಸುರಿದಂಥ ಸದ್ದಾಯಿತು. ನಮ್ಮೂರಿನಲ್ಲಿ ಆ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ. ನಾನೂ ನೋಡಲಿಲ್ಲ. ಇನ್ನೊಂದು ಹೊರೆ ಎತ್ತಿ ಹೆಗಲಿಗೆ ಹಾಕಿಕೊಂಡೆ. ಸದ್ದು ನಿಲ್ಲಲಿಲ್ಲ, ಸುರಿಯುತ್ತಲೇ ಇತ್ತು. ಆಮೇಲೆ ಒಂದು ದನ ಕೂಗಿತು. ದನ ಹಾಗೆ ಕೂಗುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಹಿಂಗೋಡೆ ಕುಸಿದಿತ್ತು. ಅದರ ಮೇಲೆ ಕೂತಿದ್ದ ತೊಲೆಗಳು ಒಂದು ಕಡೆಗೆ ಜಾರಿ, ಅಟ್ಟದ ಹಿಂಭಾಗವೆಲ್ಲ ಕೆಳಗೆ ಬಂದಿತ್ತು. ಬಾಗಿಲ ಕಡೆ ಕಟ್ಟಿದ್ದ ದನಗಳು ಹಗ್ಗ ಜಗ್ಗಿ ಕಣ್ಣು ತಿರುಗಿಸುತ್ತಿದ್ದವು. ತಿಲಕ್ ಮತ್ತು ನಾನು ಅವನ್ನು ಕೊಯ್ದು ಕೊಯ್ದು ಹೊರಗೆ ಬಿಟ್ಟೆವು. ಒಳಗಡೆ ಬರೀ ಕಾಯಿಯ ಗುಡ್ಡ.

ಪರಮೇಶ ಆ ಗುಡ್ಡದ ಮೇಲಿದ್ದ. ಎರಡು ಕೈಯಲ್ಲೂ ಕಾಯಿ ತೆಗೆದು ಹಿಂದಕ್ಕೆ ಎಸೆಯುತ್ತಿದ್ದ. ಒಂದು ತೆಗೆದರೆ ಮೇಲಿನಿಂದ ಹತ್ತು ಉರುಳಿ ಬರುತ್ತಿದ್ದವು. ಒಣಗಿದ ಕಾಯಿಗಳು, ಒಳಗೆ ಕೊಬ್ಬರಿ ಬಿಟ್ಟುಕೊಂಡವು. ಉರುಳಿದ ಹಾಗೆಲ್ಲ ಲೊಟಲೊಟ, ಲೊಟಲೊಟ. ಒಳ್ಳೆಯ ಕೊಬ್ಬರಿ ಅಂತ ನಾವು ಕಿವಿಯ ಹತ್ತಿರ ಹಿಡಿದು ಖುಷಿಪಡುವ ಸದ್ದು ಅದು. ಈಗಲೂ ಯಾರಾದರೂ ಕಾಯಿ ಅಲ್ಲಾಡಿಸಿದರೆ ನಾನು ಅಲ್ಲಿಂದ ಎದ್ದು ಹೋಗುತ್ತೇನೆ.

ಊರೇ ಬಂತು. ಸಾಲು ನಿಂತು ಕೈಯಿಂದ ಕೈಗೆ ಕಾಯಿ ದಾಟಿಸಿದೆವು. ಶಂಭುಲಿಂಗಯ್ಯನವರು ತಲೆಯ ಟವಲು ಕಿತ್ತೆಸೆದು ಸಾಲಿನಲ್ಲಿ ನಿಂತಿದ್ದರು. ಕೆಂಚಯ್ಯನ ಎರಡು ಎಮ್ಮೆ ಸತ್ತು ಬಿದ್ದಿದ್ದವು. ಪಾಳ್ಯದ ಪುಟ್ಟಗಂಗಮ್ಮನ ಕಡಸು ಸತ್ತಿತ್ತು. ಮೂಲೆಯಲ್ಲಿ ಸೋಮಿ ಬದುಕಿತ್ತು. ಸೊಂಟದ ಮೇಲೆ ತೊಲೆ. ಮುಂಗಾಲು ಚಾಚಿ, ತಲೆ ಎತ್ತಿಕೊಂಡು, ಏನೂ ಆಗದ ಹಾಗೆ ನಮ್ಮನ್ನೇ ನೋಡುತ್ತಿತ್ತು.

ತೊಲೆ ಎತ್ತಿದರೂ ಅದು ಏಳಲಿಲ್ಲ. ತಿಪಟೂರಿನಿಂದ ಡಾಕ್ಟರು ಬಂದರು. ಹೊಟ್ಟೆ ಮುಟ್ಟಿ, ಕೈ ಹಾಕಿ ನೋಡಿ, ಪರಮೇಶನ ಮುಖ ನೋಡದೆ ನನಗೆ ಹೇಳಿದರು. "ಕರು ಹೋಗಿದೆ. ಇದೂ ಬಹಳ ಹೊತ್ತು ಇರಲ್ಲ. ನೋವು ಕಮ್ಮಿ ಮಾಡಬಹುದು, ಅಷ್ಟೇ."

ಓಬಮ್ಮ ಆಗ ಬಂದಳು. ಬರಿಗಾಲಲ್ಲಿ ಓಡಿ ಬಂದಿದ್ದಳು. ಅವಳು ಎದೆ ಬಡಿದುಕೊಂಡು ಅಳುತ್ತಾಳೆ, ಪರಮೇಶನ ಕೊರಳಪಟ್ಟಿ ಹಿಡಿಯುತ್ತಾಳೆ ಅಂತ ನಾವೆಲ್ಲ ಕಾದೆವು. ಅವಳು ಕಾಯಿಯ ರಾಶಿಯ ಮೇಲೆ ಕೂತು ಸೋಮಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನೊಣ ಓಡಿಸಿದಳು. ಅದರ ಕಿವಿಯಲ್ಲಿ ಸಿಕ್ಕಿದ್ದ ಮಣ್ಣನ್ನು ಸೆರಗಿನ ತುದಿಯಿಂದ ತೆಗೆದಳು. "ನಾನ್ ಬಂದಿದ್ನಲ್ಲವ್ವ," ಅಂದಳು ಹಸುವಿಗೆ. "ಕರ್ಕೊಂಡೋಗೋಕೇ ಬಂದಿದ್ನಲ್ಲ."

ಉಸಿರು ನಿಂತ ಮೇಲೆ ಅದರ ಕುತ್ತಿಗೆಯ ಗಂಟು ಬಿಚ್ಚಿದಳು. ಬಿಚ್ಚಿದ ಹಗ್ಗವನ್ನು ಪರಮೇಶನ ಕಡೆ ಚಾಚಿದಳು. "ತಗಳಪ್ಪ. ಇದು ನಿಂದು."

ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಬೆಳಗ್ಗೆ, ಅವನು ಕರೆದುಕೊಂಡು ಬರುತ್ತೇನೆ ಅಂದಿದ್ದ ಹೊತ್ತಿಗೆ, ಸೋಮಿಯನ್ನು ನನ್ನ ಗಾಡಿಯಲ್ಲೇ ಕೋಡಿಪಾಳ್ಯಕ್ಕೆ ತಂದೆವು. ಏರಿಗೆ ಬಂದಿದ್ದ ಜೆಸಿಬಿಯೇ ಗುಂಡಿ ತೋಡಿತು. ಓಬಮ್ಮನ ಹಿತ್ತಲಿನ ತೆಂಗಿನ ಸಸಿಯ ಪಕ್ಕ ಹೂಳಿದೆವು. ನಮ್ಮ ಕಡೆ ದನವನ್ನು ತೆಂಗಿನ ಬುಡಕ್ಕೇ ಹೂಳುವುದು. ಹುಚ್ಚರಂಗಯ್ಯನ ಬಾಯಿಂದ ಅವತ್ತು ಒಂದು ಹಾಸ್ಯವೂ ಬರಲಿಲ್ಲ.

ಆಮೇಲೆ ಜನ ಬಾಯಿ ಬಿಟ್ಟರು. ಮೊನ್ನೆ ಹೊಗಳಿದ ಬಾಯಿಗಳೇ. ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತು, "ಕೆರೆ ಕೊಲ್ಲಲಿಲ್ಲ, ಹಳದಿ ಅಂಗಿಯೋರು ಕೊಂದ್ರು," ಅಂತ ಕೆಂಚಯ್ಯ ಅಂದ. ಎಮ್ಮೆ ಕಳೆದುಕೊಂಡವನು, ಅಂದುಕೊಳ್ಳಲಿ ಅಂತ ಬಿಡಬಹುದಿತ್ತು. ನಾನು ಬಿಡಲಿಲ್ಲ, ಅವನ ಎದೆಗೆ ಕೈ ಹಾಕಿದೆ. ಇಬ್ಬರ ಅಂಗಿಯೂ ಹರಿಯಿತು. ಅವತ್ತು ಅಲ್ಲಿ ಸುರಿದ ಹಾಲನ್ನು ನಾಯಿಗಳು ನೆಕ್ಕಿದವು.

ಶಂಭುಲಿಂಗಯ್ಯನವರು ಯಾರನ್ನೂ ದೂರಲಿಲ್ಲ. ಪರಮೇಶನನ್ನೂ ನನ್ನನ್ನೂ ಕರೆಸಿ ಜಗಲಿಯ ಮೇಲೆ ಕೂರಿಸಿದರು. "ಹುಟ್ದಾಗಿಂದ ಆ ಅಟ್ಟದ ಕೆಳಗೇ ಆಡಿದೀನಿ, ಮಲಗಿದೀನಿ ಕಣಪ್ಪ," ಅಂದರು. "ಒಂದ್ಸಲಾನೂ ಮೇಲೆ ನೋಡ್ಬೇಕು ಅನ್ನಿಸ್ಲಿಲ್ಲ. ನೀನೇನು ನೋಡ್ತೀಯ? ಮನಸ್ಸಿಗೆ ಹಚ್ಕೋಬ್ಯಾಡ."

ಪರಮೇಶ ಹೂಂ ಅಂತ ತಲೆ ಆಡಿಸಿದ. ಆದರೆ ಅವತ್ತಿನಿಂದ ಅವನು ಮರ ಹತ್ತಲಿಲ್ಲ. ಕಾಯಿ ಕೀಳಲು ಕರೆದವರಿಗೆ ಮೈ ಸರಿಯಿಲ್ಲ ಅಂದ. ಒಂಟಿ ಮನೆ. ಅವರವ್ವ ಸಾಕಿದ್ದ ಕೆಂದಿ ಅನ್ನುವ ಕೆಂಪು ಹಸು, ಅವನು. ಹಸುವಿಗೆ ಮೇವು ಹಾಕುತ್ತಿದ್ದ, ತಾನು ತಿನ್ನುತ್ತಿದ್ದನೋ ಇಲ್ಲವೋ. ನಾನು ಹೋಗಿ ಕೂಗಾಡಿದೆ. ನನಗೆ ಬೇರೆ ಥರ ಸಮಾಧಾನ ಮಾಡಲು ಬರುವುದಿಲ್ಲ.

"ಉಳ್ಕೊಂಡ ದನ ಎಷ್ಟವೆ ಅಂತ ಹೋಗಿ ನೋಡ್ಲಾ. ಏರಿ ಒಡೆದಿದ್ರೆ ಪಾಳ್ಯದಲ್ಲಿ ಒಂದು ಬಾಲ ಉಳೀತಿರಲಿಲ್ಲ. ನಿನ್ ಫೋಟೋ ಇಟ್ಟು ಪೂಜೆ ಮಾಡೋರು ಇದೇ ಜನ!"

"ಒಡೀಲಿಲ್ಲವಲ್ಲಣ್ಣ," ಅಂದ.

"ಒಡೆಯಲ್ಲ ಅಂತ ನಿನ್ ಕನಸಲ್ಲಿ ಬಂದಿತ್ತಾ?"

"ಇಲ್ಲ. ಆದ್ರೆ ಅವಳು ಎರಡು ಸಲ ಬ್ಯಾಡ ಅಂದ್ಲು. ನಾನು ಅವತ್ತು ಕುರಿ ಸುಟ್ಟಿದ್ದನ್ನೇ ನೆನೆಸ್ಕೊಂಡು ಮಾತಾಡ್ತಿದ್ದೆ. ಅವಳ ಹಸಾನ ನಾನು ನೋಡ್ಲೇ ಇಲ್ಲ."

ಹೋಗಲಾ ಹುಚ್ಚ ಅಂತ ಬೈದು ಬಂದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ, ಹುಚ್ಚರಂಗಯ್ಯನಿಗೆ ಮೊಣಕಾಲು ನೋವು, ಆಸ್ಪತ್ರೆಗೆ ಬಿಡಬೇಕು ಅಂದರು ಅಂತ ನಾನು ಕೋಡಿಪಾಳ್ಯಕ್ಕೆ ಗಾಡಿ ತಂದಿದ್ದೆ. ಓಬಮ್ಮ ಕೊಟ್ಟಿಗೆಯ ಮುಂದೆ ನಿಂತು ಸೊಂಟದ ಮೇಲೆ ಕೈ ಇಟ್ಟುಕೊಂಡಿದ್ದಳು. ಕೊಟ್ಟಿಗೆಯಲ್ಲಿ ಪರಮೇಶ ಕೆಂದಿಯನ್ನು ಸೋಮಿಯ ಗೂಟಕ್ಕೆ ಕಟ್ಟುತ್ತಿದ್ದ. ಕೆಂದಿಯ ಹಣೆಗೆ ಕುಂಕುಮ ಇಟ್ಟಿದ್ದ, ಅದರ ಕುತ್ತಿಗೆಯಲ್ಲಿ ಅವರವ್ವ ಕಟ್ಟಿದ್ದ ಹಗ್ಗ, ಗಂಟೆ ಎಲ್ಲ ಹಾಗೇ ಇದ್ದವು.

"ಏನ್ಲಾ ಇದು?" ಅಂದಳು ಓಬಮ್ಮ.

"ಈ ಗೂಟಕ್ಕೆ ಹಸ ತಂದು ಕಟ್ತೀನಿ ಅಂತ ನಮ್ಮವ್ವನ ಮೇಲೆ ಆಣೆ ಇಟ್ಟಿದ್ದೆ."

"ನೀನು ಆಣೆ ಇಟ್ಟಿದ್ದು ನನ್ ಸೋಮಿಗೆ."

"ಇದೂ ಒಳ್ಳೇ ಹಸ ಕಣವ್ವ. ಸಾಧು. ಬೆಳಗ್ಗೆ ಸಂಜೆ ಎರಡೂ ಹೊತ್ತು ಕರೀತದೆ."

"ಹಗ್ಗ ಸಮೇತ ತಂದಿದೀಯಲ್ಲಲಾ! ಬುದ್ಧಿ ನೆಟ್ಟಗೈತಾ? ನಿಮ್ಮವ್ವ ಕಟ್ಟಿದ ಹಗ್ಗ ಅದು. ನಿನ್ ಮನೆ ಬರಿದು ಮಾಡಿ ನನ್ ಗೂಟ ತುಂಬಿಸ್ಕೊಳ್ಳಾ? ಬಿಚ್ಚು."

ಅವನು ಬಿಚ್ಚಲಿಲ್ಲ. ಗಂಟು ಸರಿಯಾಗಿದೆಯೇ ಅಂತ ಒಮ್ಮೆ ಎಳೆದು ನೋಡಿದ.

ನನಗೆ ರೇಗಿತು. "ಇಟ್ಕೋ ಓಬಮ್ಮ," ಅಂದೆ. "ಅವನಿಗೂ ಒಂದು ಸಮಾಧಾನ ಆಗ್ಲಿ."

"ನೀನು ಬಾಯಿ ಮುಚ್ಚು ನಂಜುಂಡಪ್ಪ!" ಅವಳು ನನ್ನ ಕಡೆ ತಿರುಗಲೂ ಇಲ್ಲ. ಪರಮೇಶನ ಹತ್ತಿರ ಹೋಗಿ ಎದುರಿಗೇ ನಿಂತಳು. ಅವನ ಭುಜದ ಎತ್ತರಕ್ಕಿದ್ದಳು. "ಅವತ್ತು ನಾನ್ ಬ್ಯಾಡ ಅಂದೆ, ನೀನು ಹಗ್ಗ ಕೊಯ್ದೆ. ಆಮೇಲೆ ಬ್ಯಾಡ ಅಂದೆ, ನೀನು ನಾಳೆ ಅಂದೆ. ಈಗ್ಲೂ ಬ್ಯಾಡ ಅಂತಿದೀನಿ ಕಣ್ಲಾ ಪರಮೇಸಿ. ಈ ಒಂದ್ಸಲನಾದ್ರೂ ನನ್ ಮಾತು ಕೇಳೋ."

ಪರಮೇಶ ಅವಳನ್ನು ನೋಡಿದ. ಅವನ ಮುಖದಲ್ಲಿ ಏನಿತ್ತು ಅಂತ ಹೇಳುವಷ್ಟು ಓದಿದವನಲ್ಲ ನಾನು.

"ಆಯ್ತು ಕಣವ್ವ," ಅಂದ.

ಬಗ್ಗಿ ಗಂಟು ಬಿಚ್ಚಿದ. ಕೆಂದಿಯ ಕೊರಳ ಗಂಟೆ ಒಮ್ಮೆ ಅಲ್ಲಾಡಿತು. ಅದನ್ನು ಹಿಡಿದುಕೊಂಡು ಅಂಗಳ ದಾಟಿದ.

"ಲೇ ಪರಮೇಸಿ, ಕಾಪಿ ಕುಡ್ಕೊಂಡೋಗ್ಲಾ," ಅಂತ ಹುಚ್ಚರಂಗಯ್ಯ ಜಗಲಿಯಿಂದ ಕೂಗಿದ. "ಕಾಪಿಗೆ ಬ್ಯಾಡ ಅಂದಿಲ್ಲ ಅವಳು."

ಪರಮೇಶ ತಿರುಗಲಿಲ್ಲ. ಏರಿಯ ಮೇಲೆ ಹಸು ಮುಂದೆ, ಅವನು ಹಿಂದೆ ಹೋಗುವುದು ಕಾಣಿಸಿತು. ಓಬಮ್ಮ ಒಳಗೆ ಹೋಗಿ ಒಲೆ ಊದಲು ಕೂತಳು. ಊದುತ್ತಾ ಅತ್ತಳು ಅಂತ ಕಾಣುತ್ತದೆ, ಹೊಗೆಗೆ ಅಷ್ಟು ಕೆಂಪಗಾಗುವುದಿಲ್ಲ ಕಣ್ಣು.

ಹುಚ್ಚರಂಗಯ್ಯನನ್ನು ಆಸ್ಪತ್ರೆಯಲ್ಲಿ ತೋರಿಸಿ, ವಾಪಸ್ ಬಿಟ್ಟು, ನಾನು ಮನೆಗೆ ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ನಮ್ಮ ಅಂಗಳದಲ್ಲಿ ಕೆಂದಿ ನಿಂತು ಹುಲ್ಲು ಮೆಲ್ಲುತ್ತಿತ್ತು.

"ಪರಮೇಶಣ್ಣ ಕಟ್ಟಿ ಹೋದ್ರು," ಅಂದಳು ನನ್ನ ಹೆಂಡತಿ ಮಂಗಳಾ. "ನೀರು ಕುಡಿಸಿ, ಮೈ ಉಜ್ಜಿ ಹೋದ್ರು. ನಿಮ್ ಮನೇಲಿ ಗೂಟ ಖಾಲಿ ಐತಲ್ಲ, ಇಲ್ಲೇ ಇರ್ಲಿ ಅಂದ್ರು."

"ಹಗ್ಗ?"

"ಹಗ್ಗ ಸಮೇತಾನೇ ಬಿಟ್ಟೋದ್ರು. ಯಾಕ್ರೀ? ಸಂಜೆ ಬಂದು ಕರ್ಕೊಂಡೋಗ್ತಾರೇನೋ ಅನ್ಕೊಂಡೆ."

ನಾನು ಚಪ್ಪಲಿಯನ್ನೂ ಬಿಡದೆ ಗಾಡಿ ತಿರುಗಿಸಿದೆ. ಅವನ ಮನೆಯ ಬಾಗಿಲಿಗೆ ಅಗುಳಿ ಹಾಕಿತ್ತು, ಬೀಗ ಇರಲಿಲ್ಲ. ಒಳಗೆ ಮೊಳೆಯಲ್ಲಿ ಹಳದಿ ಜಾಕೆಟ್ ನೇತಾಡುತ್ತಿತ್ತು. ಒಲೆ ಗುಡಿಸಿತ್ತು. ಕಿಬ್ಬನಹಳ್ಳಿ ಕ್ರಾಸಿಗೆ ಹೋದೆ. ಎಳನೀರು ಅಂಗಡಿಯವನು, ಬರಿಗೈಯಲ್ಲಿ ನಿಂತಿದ್ದರು, ಬಸ್ಸು ಹತ್ತಿದರು ಅಂದ. ಯಾವ ಬಸ್ಸು ಅಂದರೆ ಅವನಿಗೆ ಗೊತ್ತಿರಲಿಲ್ಲ. ಕತ್ತಲಾಗುವ ತನಕ ಅಲ್ಲೇ ನಿಂತು, ಹೋಗುವ ಬರುವ ಬಸ್ಸಿನ ಕಿಟಕಿಗಳನ್ನೆಲ್ಲ ನೋಡಿದೆ.

ಅವನು ಬರಲಿಲ್ಲ. ಅದಾದ ಮೇಲೆ ಎರಡು ಮಳೆಗಾಲ ಹೋದವು. ಈಗಲೂ ನಾನು ಕೋಡಿಪಾಳ್ಯಕ್ಕೆ ಗಾಡಿ ತಂದರೆ ಓಬಮ್ಮ ಹೊರಗೆ ಬಂದು ಮೊದಲು ನನ್ನ ಗಾಡಿಯ ಹಿಂದಿನ ಡಬ್ಬಿಯೊಳಕ್ಕೆ, ಅವನೇನಾದರೂ ಬಂದನೇ ಅಂತ, ಬಗ್ಗಿ ನೋಡುತ್ತಾಳೆ, ಆಮೇಲೆ ನನ್ನನ್ನು ಮಾತಾಡಿಸುತ್ತಾಳೆ.